ಬೆಲೆ ಕೇಳಿದವರೆಲ್ಲ ಗಿರಾಕಿಗಳೇ? — ಹುಡುಕುಪದಗಳ ಹಿಂದಿನ ಇರಾದೆಯನ್ನು ಅಳೆಯುವ ಬಗೆ



ಕಳೆದ ಮಹಾಸಭೆಯ ದಿನ ಊಟ ಮುಗಿದ ಮೇಲೆ ಮೂರು ನಾಲ್ಕು ಮಂದಿ ಸದಸ್ಯರು ಕಚೇರಿಯ ಒಳಕ್ಕೆ ಬಂದು ಕುಳಿತರು. ಎಲ್ಲರೂ ಎತ್ತಿದ್ದು ಒಂದೇ ವಿಷಯ. ಮಕ್ಕಳು ಓದು ಮುಗಿಸಿ ತೋಟಕ್ಕೆ ಮರಳಿದ್ದಾರೆ; ಎಲೆಚುಕ್ಕೆ ರೋಗ ಬಂದು ಅಡಿಕೆಯ ಫಸಲು ಇಳಿದಿದೆ; ಕೈಖರ್ಚಿಗಾದರೂ ಆಗಲೆಂದು ಹುಡುಗರು ಇಂಟರ್‌ನೆಟ್ಟಿನಲ್ಲಿ ಒಂದು ಪುಟ ತೆರೆದು ಕಳೆ ಯಂತ್ರ, ಸ್ಪ್ರೇಯರ್, ಟಾರ್ಪಾಲು ಮುಂತಾದವುಗಳ ಬಗ್ಗೆ ಬರೆದು ಕಮಿಷನ್ ಸಂಪಾದಿಸುವ ಪ್ರಯತ್ನದಲ್ಲಿದ್ದಾರೆ. "ಸೆಕ್ರೆಟರಿಗಳೇ, ವರ್ಷ ಆಯ್ತು. ಹುಡುಗ ರಾತ್ರಿ ಹನ್ನೊಂದರ ತನಕ ಕೂತು ಬರೀತಾನೆ. ಜನ ನೋಡ್ತಾರಂತೆ, ದುಡ್ಡು ಮಾತ್ರ ಬರೋದಿಲ್ಲ. ಇದರಲ್ಲಿ ಏನಾದರೂ ಹುರುಳಿದೆಯೋ ಇಲ್ಲವೋ?" ಎಂದು ಒಬ್ಬರು ಕೇಳಿದರು. "ಹಣ ತರುವ ಪದಗಳ ಪಟ್ಟಿ" ಕೊಡುತ್ತೇವೆಂದು ಹೇಳಿ ಒಂದು ತರಬೇತಿಯವರು ಅವರ ಮಗನಿಂದ ಕೆಲವು ಸಾವಿರ ರೂಪಾಯಿ ಕೇಳಿದ್ದರಂತೆ. ಕೊಡಬೇಕೇ ಬೇಡವೇ ಎಂಬುದೂ ಅವರ ಪ್ರಶ್ನೆಯಾಗಿತ್ತು.

ಆ ದಿನ ನಾನು ಬಾಯಿಮಾತಿನಲ್ಲಿ ಹೇಳಿದ್ದನ್ನು ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಈ ವಿದ್ಯೆಯ ಪಂಡಿತನಲ್ಲ. ನನ್ನ ಅಣ್ಣನ ಮಗ ಇದೇ ಕೆಲಸವನ್ನು ಮಾಡುತ್ತಿದ್ದು, ಅವನಿಗೆ ಸಲಹೆ ಕೊಡಲು ಹೋಗಿ ತಪ್ಪಿ, ಆಮೇಲೆ ಕಲಿತದ್ದು ಇದು.

ಮೊದಲಿಗೆ ಈ ವ್ಯಾಪಾರದ ಸ್ವರೂಪ. ಇದನ್ನು ಅಫಿಲಿಯೇಟ್ ಮಾರ್ಕೆಟಿಂಗ್ ಎನ್ನುತ್ತಾರೆ. ಹೆಸರು ಹೊಸದು, ಕೆಲಸ ಹಳೆಯದು, ದಲ್ಲಾಳಿಯದು. ನೀವು ಬರೆದ ಪುಟದಲ್ಲಿ ಮಾರಾಟಗಾರನ ಅಂಗಡಿಗೆ ಹೋಗುವ ಒಂದು ಕೊಂಡಿ ಇರುತ್ತದೆ. ಓದಿದವನು ಅದನ್ನು ಒತ್ತಿ ಅಂಗಡಿಗೆ ಹೋಗಿ ಸಾಮಾನು ಕೊಂಡರೆ ನಿಮಗೆ ಶೇಕಡಾ ಇಂತಿಷ್ಟು. ಕೊಳ್ಳದೆ ಹೋದರೆ ಏನೂ ಇಲ್ಲ, ಕೊಂಡು ಹಿಂದಿರುಗಿಸಿದರೂ ಇಲ್ಲ. ಅಮೆಜಾನ್ ಕಂಪನಿಯು 1996ರಲ್ಲಿ ಅಮೆರಿಕದಲ್ಲಿ ಈ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ಆರಂಭಿಸಿತು. ಕಾಫಿ ಮಂಡಳಿಯ ಪೂಲ್ ಪದ್ಧತಿ ಪೂರ್ಣವಾಗಿ ಕೊನೆಗೊಂಡು, ನಾವು ಬೆಳೆಗಾರರು ನಮ್ಮ ಗಿರಾಕಿಯನ್ನು ನಾವೇ ಗುರುತಿಸಿಕೊಳ್ಳಬೇಕಾಗಿ ಬಂದದ್ದೂ ಅದೇ ವರ್ಷ. ಪೂಲ್ ಪೂರ್ತಿ ನಡೆಯುತ್ತಿದ್ದ ಕಾಲದಲ್ಲಿ ಆ ಪಾಠ ನಮಗೆ ಅಷ್ಟಾಗಿ ಬೇಕಾಗಿರಲಿಲ್ಲ.

ಓದುವವನು ನಿಮ್ಮ ಪುಟಕ್ಕೆ ಬರುವುದು ಹೇಗೆ? ಬಹುಪಾಲು ಗೂಗಲ್‌ನಲ್ಲಿ ಏನನ್ನೋ ಹುಡುಕುತ್ತ ಬರುತ್ತಾನೆ. ಆತ ಬರೆದ ಅಥವಾ ಫೋನಿಗೆ ಬಾಯಿಯಿಂದ ಹೇಳಿದ ಎರಡು ಮೂರು ಪದಗಳಿಗೆ ಕೀವರ್ಡ್ ಎಂದು ಹೆಸರು. ಹುಡುಕುಪದ ಎನ್ನೋಣ. ಆ ಎರಡು ಮೂರು ಪದಗಳಿಂದ ಆತ ಕೊಳ್ಳಲು ಹೊರಟವನೋ, ಕೇವಲ ತಿಳಿಯಲು ಹೊರಟವನೋ ಎಂಬುದನ್ನು ಊಹಿಸಬೇಕಾಗಿದೆ. ಈ ವ್ಯಾಪಾರದ ಲಾಭನಷ್ಟವೆಲ್ಲ ಈ ಊಹೆಯ ಮೇಲೆ ನಿಂತಿದೆ.

ಈಗ ನನ್ನ ತಪ್ಪಿನ ಕಥೆ. ಹುಡುಗ ಆರಂಭಿಸಿದಾಗ ನಾನು ದೊಡ್ಡದಾಗಿ ಸಲಹೆ ಕೊಟ್ಟೆ. "ನೋಡಯ್ಯ, ನಮ್ಮ ಕಡೆ ಪ್ರತಿಯೊಬ್ಬನೂ ದಿನಾ ಬೆಳಿಗ್ಗೆ ಹುಡುಕೋದು ಅಡಿಕೆ ಧಾರಣೆ. ಅದನ್ನೇ ಹಾಕು. 'ಬೆಲೆ' ಅಂತ ಕೇಳೋನು ವ್ಯಾಪಾರಕ್ಕೆ ಬಂದೋನೇ." ಅವನು ಮಾರುಕಟ್ಟೆವಾರು ರಾಶಿ, ಬೆಟ್ಟೆ, ಚಾಲಿಗಳ ಧಾರಣೆಯನ್ನು ದಿನವೂ ಹಾಕತೊಡಗಿದ. ಪಕ್ಕದಲ್ಲಿ ಸ್ಪ್ರೇಯರಿನ ಚಿತ್ರ, ಕೆಳಗೆ ಕೊಂಡಿ. ನೋಡುವವರ ಸಂಖ್ಯೆ ತಿಂಗಳಿಂದ ತಿಂಗಳಿಗೆ ಏರಿತು, ನನಗೆ ಹೆಮ್ಮೆ. ಒಂದು ಮಳೆಗಾಲ ಕಳೆದರೂ ಕಮಿಷನ್ ಖಾತೆಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಬೀಳಲಿಲ್ಲ. ಒಂದು ದಿನ ಅವನೇ ಹೇಳಿದ: "ಚಿಕ್ಕಪ್ಪಾ, ಧಾರಣೆ ನೋಡೋಕೆ ಬರೋರು ಮಾರೋರು, ಕೊಳ್ಳೋರಲ್ಲ."

ಮೂವತ್ತು ವರ್ಷದಿಂದ ಅಡಿಕೆ ಮೂಟೆಗಳ ನಡುವೆ ಓಡಾಡಿದ ನನಗೆ ಇದು ಹೊಳೆಯಬೇಕಾಗಿತ್ತು. ನಮ್ಮ ಸಂಘದ ಯಾರ್ಡಿಗೆ ಬಂದು "ಇವತ್ತು ಏನು ರೇಟು?" ಎಂದು ಕೇಳುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ನಮ್ಮಂತೆಯೇ ಬೆಳೆಗಾರರು. ಕೊಳ್ಳುವ ಖರೀದಿದಾರ ರೇಟು ಕೇಳುವುದಿಲ್ಲ. ರಾಶಿಯ ತಳದಿಂದ ಒಂದು ಹಿಡಿ ಎತ್ತುತ್ತಾನೆ, ಅಡಕೊತ್ತಿನಲ್ಲಿ ಎರಡು ಹೋಳು ಮಾಡಿ ಒಳಬಣ್ಣ ನೋಡುತ್ತಾನೆ, ಮೂಟೆ ಎಷ್ಟಿದೆ ಎಂದು ಕೇಳುತ್ತಾನೆ. ಹುಡುಕುಪದದ ವಿಷಯವೂ ಹೀಗೆಯೇ. 'ಬೆಲೆ' ಎಂಬ ಪದವೊಂದರಿಂದ ಏನೂ ತೀರ್ಮಾನವಾಗುವುದಿಲ್ಲ. ಯಾವ ಸಾಮಾನಿನ ಬೆಲೆ, ಕೇಳುತ್ತಿರುವವನು ಯಾರು ಎಂಬುದರಿಂದ ತೀರ್ಮಾನವಾಗುತ್ತದೆ. 'ಕಳೆ ಯಂತ್ರದ ಬೆಲೆ' ಎಂದರೆ ಕೊಳ್ಳುವವನು, 'ಅಡಿಕೆ ಬೆಲೆ' ಎಂದರೆ ಮಾರುವವನು. 'ರೊಬಸ್ಟಾ ಬೆಲೆ' ಎಂದರೆ ಬೆಳೆಗಾರನಿರಬಹುದು, ಕಾಫಿ ವ್ಯಾಪಾರಿಯಿರಬಹುದು, ಲಂಡನ್ನಿನ ವಾಯಿದಾ ಪೇಟೆಯ ಏರಿಳಿತ ನೋಡಲು ಬಂದವನೂ ಇರಬಹುದು. ಮೂವರಲ್ಲಿ ಒಬ್ಬನೂ ನಿಮ್ಮ ಕೊಂಡಿಯಿಂದ ಏನನ್ನೂ ಕೊಳ್ಳುವವನಲ್ಲ.

ಈ ವಿಚಾರದಲ್ಲಿ ಶಾಸ್ತ್ರವೂ ಇದೆ. ಆಂಡ್ರೇ ಬ್ರೋಡರ್ ಎಂಬ ಗಣಕ ವಿಜ್ಞಾನಿಯು 2002ರಲ್ಲಿ ಒಂದು ಪ್ರಬಂಧ ಪ್ರಕಟಿಸಿ, ಹುಡುಕಾಟಗಳನ್ನು ಮೂರು ವರ್ಗ ಮಾಡಿದರು. ಒಂದು ನಿರ್ದಿಷ್ಟ ತಾಣಕ್ಕೆ ಹೋಗಲು ದಾರಿ ಕೇಳುವುದು ಮೊದಲನೆಯದು. ವಿಷಯ ತಿಳಿಯಲು ಹುಡುಕುವುದು ಎರಡನೆಯದು. ಏನಾದರೊಂದು ಕೆಲಸ ಮಾಡಿ ಮುಗಿಸಲು ಹುಡುಕುವುದು ಮೂರನೆಯದು. ಆಲ್ಟಾವಿಸ್ಟಾ ಎಂಬ ಅಂದಿನ ಹುಡುಕುಯಂತ್ರದ ದಾಖಲೆಯಿಂದ 400 ಪ್ರಶ್ನೆಗಳನ್ನು ಆರಿಸಿ ನೋಡಿದಾಗ ಅವು ಕ್ರಮವಾಗಿ ಶೇಕಡಾ 20, 48 ಮತ್ತು 30ರಷ್ಟು ಕಂಡುಬಂದವು. ಆ 30ರಲ್ಲಿ ಕೊಳ್ಳುವವರು ಮಾತ್ರವಲ್ಲ, ಹಾಡು, ಚಿತ್ರ, ತಂತ್ರಾಂಶಗಳನ್ನು ಇಳಿಸಿಕೊಳ್ಳಲು ಬಂದವರೂ ಸೇರಿದ್ದರು. ಇನ್ನೂ ಮುಖ್ಯವಾದುದೆಂದರೆ, ಪ್ರಶ್ನೆಯ ಪದಗಳಿಂದಲೇ ಇರಾದೆಯನ್ನು ಖಚಿತವಾಗಿ ಹೇಳಿಬಿಡಬಹುದೆಂದು ತಾವು ಭಾವಿಸಿಲ್ಲವೆಂದು ಬ್ರೋಡರ್ ಅಲ್ಲಿಯೇ ಎಚ್ಚರಿಸಿದ್ದರು. ಪಟ್ಟಿ ಮಾರುವವರು ಮೂರು ವರ್ಗಗಳನ್ನು ಎತ್ತಿಕೊಂಡರು. ಎಚ್ಚರಿಕೆಯನ್ನು ಅಲ್ಲೇ ಬಿಟ್ಟರು.

ಮುಂದೆ ಮಾರಾಟಗಾರರು ಇನ್ನೊಂದು ವರ್ಗವನ್ನು ಸೇರಿಸಿಕೊಂಡರು. ಕೊಳ್ಳುವುದೆಂದು ನಿರ್ಧರಿಸಿದ್ದಾನೆ, ಯಾವುದನ್ನು ಎಂಬುದು ತೀರ್ಮಾನವಾಗಿಲ್ಲ, ಹೋಲಿಸಿ ನೋಡುತ್ತಿದ್ದಾನೆ. ಕಮಿಷನ್ ಬರೆಹಗಾರನ ನಿಜವಾದ ಗಿರಾಕಿ ಈತನೇ. ಪೂರ್ತಿ ನಿರ್ಧರಿಸಿದವನು ನೇರ ಅಂಗಡಿಗೆ ಹೋಗುತ್ತಾನೆ; ಅವನಿಗೆ ದಲ್ಲಾಳಿ ಬೇಕಿಲ್ಲ.

ಕಳೆ ಯಂತ್ರವನ್ನೇ ತೆಗೆದುಕೊಳ್ಳೋಣ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಸಾಮಾನು.

'ತೋಟದಲ್ಲಿ ಕಳೆ ನಿರ್ವಹಣೆ ಹೇಗೆ' ಎಂದು ಹುಡುಕುವವನು ತಿಳಿಯಲು ಬಂದವನು. ಕತ್ತಿಯಲ್ಲಿ ಸವರಿಸುವವನೂ ಇರಬಹುದು, ಔಷಧಿ ಹೊಡೆಯುವವನೂ ಇರಬಹುದು, ಪ್ರಬಂಧ ಬರೆಯುವ ಕೃಷಿ ವಿದ್ಯಾರ್ಥಿಯೂ ಇರಬಹುದು. '2 ಸ್ಟ್ರೋಕ್ ಒಳ್ಳೆಯದೋ 4 ಸ್ಟ್ರೋಕ್ ಒಳ್ಳೆಯದೋ' ಎನ್ನುವವನು ಯಂತ್ರವನ್ನೇ ಕೊಳ್ಳುವುದೆಂದು ಮನಸ್ಸು ಮಾಡಿದ್ದಾನೆ. ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆ ಯಾವುದರಲ್ಲಿದೆ, ಇಳಿಜಾರಿನಲ್ಲಿ ಹೊತ್ತು ತಿರುಗಲು ಯಾವುದು ಹಗುರ ಎಂಬ ಅನುಮಾನ ಅವನದು. ಅದಕ್ಕೆ ಪ್ರಾಮಾಣಿಕ ಉತ್ತರ ಕೊಡಬಲ್ಲ ಪುಟದಿಂದ ಅವನು ಅಂಗಡಿಗೆ ಹೋಗುವ ಸಂಭವ ಹೆಚ್ಚು. ಇನ್ನು ಕಂಪನಿ ಹೆಸರು, ಮಾದರಿಯ ಸಂಖ್ಯೆ ಎರಡನ್ನೂ ಬರೆದು 'ಹೇಗಿದೆ' ಎಂದು ಕೇಳುವವನು ಜೇಬಿನಲ್ಲಿ ಹಣ ಇಟ್ಟುಕೊಂಡು ಕೂತವನು. ಕೊನೆಯ ಧೈರ್ಯಕ್ಕಾಗಿ ಮಾತ್ರ ಕೇಳುತ್ತಿದ್ದಾನೆ. 'ಕಳೆ ಯಂತ್ರ ಸ್ಟಾರ್ಟ್ ಆಗುತ್ತಿಲ್ಲ' ಎಂಬವನ ಹತ್ತಿರ ಯಂತ್ರ ಆಗಲೇ ಇದೆ. ಅವನಿಗೆ ಬೇಕಾದದ್ದು ಸ್ಪಾರ್ಕ್ ಪ್ಲಗ್ಗೋ ಕಾರ್ಬ್ಯುರೇಟರೋ. ಮೊತ್ತ ಸಣ್ಣದು, ಇರಾದೆ ಮಾತ್ರ ಗಟ್ಟಿ, ಮಳೆಗಾಲದ ನಡುವೆ ಯಂತ್ರ ಕೆಟ್ಟು ಕೂತವನು ನಾಳೆಗೆ ಮುಂದೂಡುವುದಿಲ್ಲ.

ಇಲ್ಲಿ ಬಹಳ ಮಂದಿ ಎಡವುವ ಜಾಗವಿದೆ. ಕೊಳ್ಳುವ ಇರಾದೆ ಬೇರೆ, ನಿಮ್ಮ ಕೊಂಡಿಯ ಮೂಲಕ ಕೊಳ್ಳುವ ಇರಾದೆ ಬೇರೆ. 'ಕಳೆ ಯಂತ್ರ ಸಬ್ಸಿಡಿ' ಎಂದು ಹುಡುಕುವ ರೈತ ಖಂಡಿತವಾಗಿ ಕೊಳ್ಳುವವನೇ. ಆದರೆ ಅವನು ಇಲಾಖೆಗೆ ಅರ್ಜಿ ಹಾಕಿ ಅವರು ಒಪ್ಪಿದ ಕಡೆಯಿಂದ ತೆಗೆದುಕೊಳ್ಳುತ್ತಾನೆ. 'ಬಾಡಿಗೆಗೆ' ಎಂದವನು ಕೊಳ್ಳುವುದಿಲ್ಲ, 'ಸೆಕೆಂಡ್ ಹ್ಯಾಂಡ್' ಎಂದವನು ಹೊಸದನ್ನು ಕೊಳ್ಳುವುದಿಲ್ಲ, 'ಹತ್ತಿರದ ಅಂಗಡಿ' ಎಂದವನು ಪೇಟೆಗೆ ಹೋಗುತ್ತಾನೆ. ಕಾರ್ಬನ್ ಫೈಬರ್ ದೋಟಿಯನ್ನು ನೋಡಿ. 'ಫೈಬರ್ ದೋಟಿ ಬೆಲೆ' ಎಂದು ಹುಡುಕುವವನಷ್ಟು ಗಟ್ಟಿ ಗಿರಾಕಿ ಮಲೆನಾಡಿನಲ್ಲಿ ಇನ್ನೊಬ್ಬನಿಲ್ಲ. ಕೊನೆಗಾರರು ಸಿಗದೆ ಕಂಗೆಟ್ಟವನು. ಆದರೆ ಅಷ್ಟು ಬೆಲೆಯ ದೋಟಿಯನ್ನು ಕೈಯಲ್ಲಿ ಎತ್ತಿ, ಮರದ ತುದಿಗೆ ಹಿಡಿದು, ಭಾರ ನೋಡದೆ ಯಾರಾದರೂ ತೆಗೆದುಕೊಳ್ಳುತ್ತಾರೆಯೇ? ನಮ್ಮ ಹುಡುಗ ದೋಟಿಯ ಮೇಲೆ ಬರೆದ ಪುಟವನ್ನು ಜನ ಮೆಚ್ಚಿದರು, ಅದರಿಂದ ಪ್ರಯೋಜನ ಪಡೆದರು, ನೇರವಾಗಿ ತಯಾರಕನಲ್ಲಿಗೆ ಹೋಗಿ ಕೊಂಡರು. ಊರಿಗೆ ಉಪಕಾರವಾಯಿತು, ಅವನಿಗೆ ಕಾಸು ಬರಲಿಲ್ಲ.

ಕಾಲದ ಲೆಕ್ಕವೂ ಇದೆ. ಅಮೆಜಾನಿನ ಯೋಜನೆಯಲ್ಲಿ ಕೊಂಡಿ ಒತ್ತಿದವನ ಗುರುತು ಸಾಮಾನ್ಯವಾಗಿ 24 ಗಂಟೆ ಮಾತ್ರ ಉಳಿಯುತ್ತದೆ. ಅಷ್ಟರಲ್ಲಿ ಸಾಮಾನನ್ನು ಬುಟ್ಟಿಗೆ ಹಾಕಿಟ್ಟರೆ ಮಾತ್ರ ಹೆಚ್ಚು ದಿನದ ಅವಕಾಶ. ನಮ್ಮವರ ಪದ್ಧತಿ ನಿಮಗೆ ತಿಳಿದದ್ದೇ. ಇಂದು ನೋಡುತ್ತೇವೆ, ಭಾವನನ್ನು ಕೇಳುತ್ತೇವೆ, ಪಕ್ಕದ ತೋಟದಲ್ಲಿ ಅಂಥದ್ದೇ ಇದ್ದರೆ ಒಂದು ದಿನ ತಂದು ಓಡಿಸುತ್ತೇವೆ, ಮೂರು ವಾರದ ಮೇಲೆ ಕೊಳ್ಳುತ್ತೇವೆ. ಆ ವೇಳೆಗೆ ಗುರುತು ಅಳಿದಿರುತ್ತದೆ. ಆದುದರಿಂದ ದೊಡ್ಡ ಯಂತ್ರಗಳಿಗಿಂತ ಯೋಚನೆಯೇ ಬೇಡದ ಸಾಮಾನುಗಳ ಪದಗಳು ಒಮ್ಮೊಮ್ಮೆ ಹೆಚ್ಚು ಫಲ ಕೊಡುತ್ತವೆ. 'ಟಾರ್ಪಾಲು' ಎಂದಷ್ಟೇ ಹುಡುಕಿದವನ ಮನಸ್ಸು ತಿಳಿಯುವುದಿಲ್ಲ. 'ಟಾರ್ಪಾಲು 250 ಜಿಎಸ್‌ಎಂ 30 ಅಡಿ 40 ಅಡಿ' ಎಂದವನು ಕಣದಲ್ಲಿ ಕಾಫಿ ಹರವಿ ಆಕಾಶ ನೋಡುತ್ತ ನಿಂತಿದ್ದಾನೆ! ಅಳತೆ, ದಪ್ಪ, ಮಾದರಿ, ಊರಿಗೆ ತಲುಪುವ ದಿನ, ಇವು ಪದದೊಳಗೆ ಸೇರಿದಷ್ಟೂ ಕೊಳ್ಳುವ ಗಳಿಗೆ ಹತ್ತಿರವೆಂದು ತಿಳಿಯಬಹುದು.

'ಬೇಡ' ಎಂಬ ಅರ್ಥದ ಪದವೂ ಒಳ್ಳೆಯ ಸುಳಿವು. 'ಕಾಫಿ ಪುಡಿ' ಎಂಬುದಕ್ಕಿಂತ 'ಚಿಕೋರಿ ಇಲ್ಲದ ಕಾಫಿ ಪುಡಿ' ಎಂಬುದು ಗಟ್ಟಿ. ಹಿಂದೆ ಕೊಂಡಿದ್ದಾನೆ, ಕುಡಿದಿದ್ದಾನೆ, ಅತೃಪ್ತನಾಗಿದ್ದಾನೆ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕುಳಿತು ಊರಿನ ಕಾಫಿಯ ರುಚಿ ನೆನೆಸಿಕೊಳ್ಳುವ ನಮ್ಮವರೇ ಹೀಗೆ ಹುಡುಕುವುದುಂಟು. ಸಂಘದ ಪುಡಿಯನ್ನು ಅಂಚೆಯಲ್ಲಿ ಕಳುಹಿಸುವ ಯೋಚನೆ ಆಡಳಿತ ಮಂಡಳಿಯ ಮುಂದಿದೆ. ಅದು ಬೇರೆ ಮಾತು.

ಪರೀಕ್ಷೆ ಮಾಡುವುದು ಹೇಗೆ? ಪಟ್ಟಿಗೆ ದುಡ್ಡು ಕೊಡುವ ಅಗತ್ಯವಿಲ್ಲ. ಮೊದಲನೆಯದಾಗಿ ಆ ಪದವನ್ನು ನೀವೇ ಗೂಗಲ್‌ನಲ್ಲಿ ಹಾಕಿ ನೋಡಿ. ಮೇಲೆ ಸಾಮಾನಿನ ಚಿತ್ರ, ಬೆಲೆ, ಅಂಗಡಿಗಳ ಸಾಲು ಬಂದರೆ, ಹಿಂದೆ ಇದೇ ಪದ ಹಾಕಿದವರು ಕೊಳ್ಳುವ ಕಡೆಗೆ ಹೋದರೆಂದು ಗೂಗಲ್ ಕಂಡುಕೊಂಡಿದೆ ಎನ್ನಬಹುದು. ಪತ್ರಿಕಾ ವರದಿ, ಕೃಷಿ ವಿಶ್ವವಿದ್ಯಾಲಯದ ಪುಟ, ವಿವರಣೆಯ ವೀಡಿಯೋ ಬಂದರೆ ಕಲಿಯುವವರ ಪದ. ಎರಡೂ ಬೆರೆತು ಬಂದರೆ ಗೂಗಲ್‌ಗೂ ಅನುಮಾನವಿದೆ ಎಂದರ್ಥ.

ಎರಡನೆಯದು ಜಾಹೀರಾತಿನ ಹರಾಜು. 1998ರಲ್ಲಿ ಬಿಲ್ ಗ್ರಾಸ್ ಎಂಬವರು ಕಟ್ಟಿದ ಗೋಟು ಎಂಬ ಅಮೆರಿಕದ ಹುಡುಕುತಾಣ, ಪ್ರತಿ ಪದವನ್ನೂ ಜಾಹೀರಾತುದಾರರಿಗೆ ಹರಾಜು ಹಾಕತೊಡಗಿತು. 2000ದಲ್ಲಿ ಗೂಗಲ್ ತನ್ನ ಜಾಹೀರಾತು ಯೋಜನೆಯನ್ನು ತೆರೆದು, ಮುಂದೆ ತಾನೂ ಹರಾಜಿಗೆ ಬಂತು. ಒಂದು ಒತ್ತಿಗೆ ಇಷ್ಟು ಎಂದು ವ್ಯಾಪಾರಿಗಳು ಕೂಗುವ ಬೆಲೆಯನ್ನು ಗೂಗಲ್‌ನ ಕೀವರ್ಡ್ ಪ್ಲಾನರ್ ಎಂಬ ಸಾಧನದಲ್ಲಿ ಕಾಣಬಹುದು. ಟೆಂಡರ್ ಚೀಟಿ ನೋಡಿ ಬಲ್ಲ ನಮಗೆ ಇದು ಅರ್ಥವಾಗುವ ಸಂಗತಿ. ಒಬ್ಬ ವ್ಯಾಪಾರಿ ತಿಂಗಳುಗಟ್ಟಲೆ ಒಂದು ಪದಕ್ಕೆ ಹೆಚ್ಚು ಕೂಗುತ್ತಲೇ ಇದ್ದರೆ ಅದರಿಂದ ಅವನಿಗೆ ಗಿಟ್ಟುತ್ತಿದೆ ಎಂದು ತಿಳಿಯಬೇಕು. ಅದೇ ಸಾಧನದಲ್ಲಿ 'ಪೈಪೋಟಿ' ಎಂದು ತೋರಿಸುವ ಕಾಲಂ ಜಾಹೀರಾತುದಾರರ ನಡುವಿನ ಪೈಪೋಟಿಯೇ ಹೊರತು ಬರೆಹಗಾರರ ನಡುವಿನದಲ್ಲ. ಇದನ್ನು ಅದಲು ಬದಲು ಮಾಡಿಕೊಂಡು 'ಪೈಪೋಟಿ ಕಡಿಮೆ' ಎಂಬ ಪದಗಳನ್ನೇ ಆರಿಸಿ, ಯಾವ ವ್ಯಾಪಾರಿಗೂ ಬೇಡವಾದ ಪದಗಳ ಮೇಲೆ ವರ್ಷವಿಡೀ ಬರೆದವರನ್ನು ನಾನು ಬಲ್ಲೆ.

ಆದರೆ ಕನ್ನಡದ ಪದಗಳ ವಿಷಯದಲ್ಲಿ ಈ ಅಳತೆಗೋಲು ಸಡಿಲ. ಕನ್ನಡ ಪದಗಳಿಗೆ ಜಾಹೀರಾತು ಕೊಡುವವರು ಕಡಿಮೆ. ಜಾಹೀರಾತಿಲ್ಲವೆಂದ ಮಾತ್ರಕ್ಕೆ ಕೊಳ್ಳುವವರಿಲ್ಲವೆಂದು ಹೇಳಲಾಗದು. ನಮ್ಮವರು ಒಂದೇ ಸಾಮಾನನ್ನು ವೀಡ್ ಕಟರ್, ಬ್ರಷ್ ಕಟರ್, ಹುಲ್ಲು ಹೊಡೆಯೋ ಮಷಿನ್ ಎಂದು ಬಗೆಬಗೆಯಾಗಿ ಕರೆಯುತ್ತಾರೆ. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಅಂಗಡಿಯ ಕಟ್ಟೆಯ ಮೇಲೆ ಜನ ಯಾವ ಮಾತಿನಲ್ಲಿ ಕೇಳುತ್ತಾರೆಂದು ಕಿವಿಗೊಡುವುದು ಯಾವ ಸಾಧನಕ್ಕಿಂತಲೂ ಮೇಲು. ಪ್ಲಾನರ್ ತೋರಿಸುವ ತಿಂಗಳ ಸರಾಸರಿಯೂ ಹನ್ನೆರಡು ತಿಂಗಳ ಸರಾಸರಿ. ಬೋರ್ಡೋ ಸಿಂಪಡಣೆಗೆ ಸಂಬಂಧಿಸಿದ ಸಾಮಾನನ್ನು ಮಳೆ ಹಿಡಿಯುವ ಮುಂಚೆ ಹುಡುಕುತ್ತಾರೆ, ಜನವರಿಯಲ್ಲಿ ಯಾರೂ ಕೇಳುವುದಿಲ್ಲ. ಸರಾಸರಿಯಲ್ಲಿ ಈ ಏರಿಳಿತ ಮುಚ್ಚಿಹೋಗುತ್ತದೆ. ಗೂಗಲ್ ಟ್ರೆಂಡ್ಸ್ ತೆರೆದರೆ ಅದು ಕಾಣುತ್ತದೆ.

ಲೆಕ್ಕಕ್ಕಾಗಿ ಒಂದು ಕಲ್ಪಿತ ಉದಾಹರಣೆ. ಒಂದು ಪುಟಕ್ಕೆ ತಿಂಗಳಿಗೆ 10,000 ಮಂದಿ ಬಂದು ಯಾರೂ ಕೊಳ್ಳದಿದ್ದರೆ ಗಳಿಕೆ ಸೊನ್ನೆ. ಇನ್ನೊಂದಕ್ಕೆ 300 ಮಂದಿ ಬಂದು, 30 ಮಂದಿ ಕೊಂಡಿ ಒತ್ತಿ, 3 ಮಂದಿ 8,000 ರೂಪಾಯಿಯ ಯಂತ್ರ ಕೊಂಡು, ಕಮಿಷನ್ ಶೇಕಡಾ 5 ಇದ್ದರೆ 1,200 ರೂಪಾಯಿ. ಇದು ಸಂಸಾರ ನಡೆಸುವ ಮೊತ್ತವಲ್ಲ ಎಂಬುದನ್ನೂ ಗಮನಿಸಿರಿ. ಇಂಥ ಹತ್ತಾರು ಪುಟಗಳು ಸೇರಿದರೆ ಮಾತ್ರ ಗೊಬ್ಬರದ ಖರ್ಚಿಗೆ ಆಗಬಹುದು. ತೋಟವನ್ನು ಅಲಕ್ಷಿಸಿ ಇದನ್ನು ಹಿಡಿಯಲು ನಾನು ಯಾರಿಗೂ ಹೇಳುವುದಿಲ್ಲ.

ಅದರಲ್ಲಿಯೂ 'ಏನು, ಏಕೆ, ಹೇಗೆ' ಎಂಬ ಪದಗಳ ಪುಟಗಳು ಮೊದಲಿನಂತಿಲ್ಲ. ಗೂಗಲ್ 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿಯೂ ಅದೇ ಆಗಸ್ಟ್‌ನಲ್ಲಿ ಭಾರತದಲ್ಲಿಯೂ ಕೃತಕ ಬುದ್ಧಿಯಿಂದ ಬರೆಸಿದ ಉತ್ತರವನ್ನು ಹುಡುಕಾಟದ ಪುಟದ ಮೇಲ್ಭಾಗದಲ್ಲಿ ಕೊಡಲಾರಂಭಿಸಿತು. ಕೊಳೆರೋಗಕ್ಕೆ ಕಾರಣವೇನೆಂದು ಕೇಳಿದವನಿಗೆ ಅಲ್ಲಿಯೇ ಉತ್ತರ ಸಿಕ್ಕರೆ ಅವನು ನಿಮ್ಮ ಪುಟಕ್ಕೆ ಏಕೆ ಬಂದಾನು? ಈ ಯಂತ್ರವನ್ನು ನಮ್ಮಂಥ ಇಳಿಜಾರಿನಲ್ಲಿ, ಜಿಗಣೆಯ ಮಳೆಯಲ್ಲಿ ನಾನು ಎರಡು ವರ್ಷ ಓಡಿಸಿದ್ದೇನೆ, ಇಂಥ ಭಾಗ ಮೊದಲು ಸವೆಯಿತು, ಅದು ಇಂಥ ಊರಿನಲ್ಲಿ ಸಿಗುತ್ತದೆ ಎಂದು ಬರೆಯಬಲ್ಲವನಿಗೆ ಇನ್ನೂ ಜಾಗವಿದೆ.

ಬರೆಯದವರಿಗೂ ಇದನ್ನು ತಿಳಿಸಲು ಕಾರಣವಿದೆ. ನಮ್ಮ ಒಬ್ಬ ಸದಸ್ಯರು 'ಅತ್ಯುತ್ತಮ 10 ಕಳೆ ಯಂತ್ರಗಳು' ಎಂಬ ಪುಟವೊಂದನ್ನು ನೋಡಿ ಮೊದಲನೆಯದನ್ನೇ ತರಿಸಿದರು. ಎರಡನೇ ತಿಂಗಳಿಗೆ ಕ್ಲಚ್ ಹೋಯಿತು. ಸರ್ವೀಸ್ ಸಿಗುವ ಅತಿ ಹತ್ತಿರದ ಊರು ಘಟ್ಟದ ಕೆಳಗೆ. ಯಂತ್ರ ಕೊಟ್ಟಿಗೆಯ ಅಟ್ಟದ ಮೇಲಿದೆ. ಆಳಿನ ಕೂಲಿ ಉಳಿಸಲೆಂದು ಕೊಂಡದ್ದು. ಆ ಪುಟ ಬರೆದವನು ಹತ್ತರಲ್ಲಿ ಒಂದನ್ನಾದರೂ ಕೈಯಲ್ಲಿ ಹಿಡಿದ ಗುರುತು ಬರೆಹದಲ್ಲಿ ಎಲ್ಲಿಯೂ ಇರಲಿಲ್ಲ. 'ಅತ್ಯುತ್ತಮ' ಎಂದು ನೀವು ಹುಡುಕಿದ ಗಳಿಗೆಯಲ್ಲಿಯೇ ನಿಮ್ಮ ಇರಾದೆ ಬಯಲಾಗಿರುತ್ತದೆ. ಎದುರಿಗೆ ಬರುವ ಪುಟಗಳಲ್ಲಿ ಹೆಚ್ಚಿನವು ಆ ಇರಾದೆಗೆ ಬಲೆ ಹಾಕಿ ಕೂತವು. ಕಮಿಷನ್ ಬರುತ್ತಿದ್ದರೆ ಅದನ್ನು ಓದುಗರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಸೂಚನೆಯಲ್ಲಿದೆ. ಆ ಸಾಲು ಪುಟದಲ್ಲಿದೆಯೇ ಎಂದು ಮೊದಲು ನೋಡಿ. ನಮ್ಮ ಹುಡುಗರೂ ಅದನ್ನು ಮೇಲ್ಗಡೆ, ಕನ್ನಡದಲ್ಲಿ, ಕಾಣುವಂತೆ ಹಾಕಬೇಕು. ಅವರ ಮಾತು ನಂಬಿ ಕೊಳ್ಳುವವರು ಹೆಚ್ಚಾಗಿ ಪಕ್ಕದ ಹೋಬಳಿಯವರೇ, ನಾಳೆ ಮದುವೆ ಮನೆಯಲ್ಲಿ ಎದುರು ಸಿಗುವವರು.

ಅಣ್ಣನ ಮಗ ಧಾರಣೆಯ ಪುಟವನ್ನು ನಿಲ್ಲಿಸಿಲ್ಲ. ಅದು ಬೆಳೆಗಾರರಿಗೆ ಉಪಯೋಗ, ಇರಲಿ ಎಂದ. ಆದರೆ ಅದರಲ್ಲಿದ್ದ ಸ್ಪ್ರೇಯರಿನ ಕೊಂಡಿಯನ್ನು ತೆಗೆದ. ಈಗ ಅವನು ತಾನು ಓಡಿಸಿ ನೋಡಿದ ಎರಡು ಯಂತ್ರ, ಮೂರು ಬ್ಯಾಟರಿ ಸ್ಪ್ರೇಯರುಗಳ ಹೋಲಿಕೆಯನ್ನು ಬರೆಯುತ್ತಿದ್ದಾನೆ. ತಿಂಗಳಿಗೆ ಬರುವುದು ಹೆಚ್ಚಲ್ಲ. ಬರುತ್ತಿದೆ.

ಆಸಕ್ತ ಸದಸ್ಯರು ಮಕ್ಕಳನ್ನು ಕರೆದುಕೊಂಡು ಗುರುವಾರ ಮಧ್ಯಾಹ್ನ ಮೂರು ಗಂಟೆಯ ಮೇಲೆ ಸಂಘದ ಕಚೇರಿಗೆ ಬರಬಹುದು. ಬರುವಾಗ ತಾವು ಬರೆಯಬೇಕೆಂದಿರುವ ಹತ್ತು ಹುಡುಕುಪದಗಳನ್ನು ಒಂದು ಹಾಳೆಯ ಮೇಲೆ ಬರೆದು, ಒಂದೊಂದರ ಮುಂದೆ ಅದನ್ನು ಹುಡುಕುವವನು ಯಾರು, ಅವನು ಎಲ್ಲಿ ಕೊಳ್ಳುತ್ತಾನೆ, ಯಾವ ತಿಂಗಳಲ್ಲಿ ಕೊಳ್ಳುತ್ತಾನೆ ಎಂದು ತಮಗೆ ತೋಚಿದ್ದನ್ನು ಗುರುತು ಮಾಡಿ ತರಬೇಕು. ಕಚೇರಿಯ ಕಂಪ್ಯೂಟರಿನಲ್ಲಿ ಒಂದೊಂದನ್ನೇ ಹಾಕಿ ನೋಡೋಣ. ಪಟ್ಟಿಗೆ ಹಣ ಕಟ್ಟುವುದನ್ನು ಅಲ್ಲಿಯವರೆಗೆ ತಡೆಹಿಡಿಯುವುದು.